ಮಗ್ಗ ನಿಲ್ಲಿಸುತ್ತಿದ್ದ ಮಾದಯ್ಯ

ಕೊಳ್ಳೇಗಾಲದ ಆ ನೇಕಾರರ ಬೀದಿಯಲ್ಲಿ ಮಾದಯ್ಯ ಯಾರ ಮನೆ ಹೊಸಿಲು ತುಳಿದರೂ ಮೊದಲು ಅವನ ಕೈ ನೋಡುತ್ತಿದ್ದರು, ಮುಖ ಆಮೇಲೆ. ಕೈ ಬರಿದಾಗಿದ್ದರೆ 'ಬಾ ಮಾದಯ್ಯ, ಕಾಫಿ ಕುಡಿ' ಅನ್ನುವರು. ಬೆರಳ ಸಂದಿಯಲ್ಲಿ ಬಣ್ಣ ಕಾಣದ ಬಿಳಿ ರೇಷ್ಮೆ ಎಳೆ ಕಂಡರೆ ಲಾಳಿ ಕೆಳಗಿಟ್ಟು, ಮಗ್ಗದ ಗುಂಡಿಯಿಂದ ಕಾಲು ಮೇಲಕ್ಕೆ ಎಳೆದುಕೊಳ್ಳುವರು.

ಹೆಸರಾದವರು ಯಾರಾದರೂ ತೀರಿಕೊಂಡರೆ ಬೀದಿಯ ಮಗ್ಗಗಳೆಲ್ಲ ನಿಲ್ಲಬೇಕು. ಹೆಣ ಬೀದಿ ಕೊನೆಯ ಬೇವಿನ ಮರ ದಾಟುವವರೆಗೆ ಯಾರೂ ನೇಯುವಂತಿಲ್ಲ. ಆದರೆ ಸೀರೆಯ ಉದ್ದೆಳೆಗಳ ಹಾಸು ಹೂಡಿದ ಮಗ್ಗದ ಮುಂದೆ ಸಾವಿನ ಮಾತು ಆಡಬಾರದು. ಅದು ಯಾರದೋ ಮದುವೆಯ ಸೀರೆ. ಅದಕ್ಕೇ ಮಾದಯ್ಯ ಬಾಯಿ ಬಿಡದೆ ಒಳಗೆ ಹೋಗಿ, ಗೇಣುದ್ದದ ಬಿಳಿ ಎಳೆಯನ್ನು ಮಗ್ಗದ ನೇತುಹಗ್ಗಕ್ಕೆ ಕಟ್ಟಿ ಹೊರಗೆ ಬರುತ್ತಿದ್ದ. ನೇಕಾರ ಅವನ ಹಿಂದೆಯೇ ಹೊಸಿಲು ದಾಟಿ ಬಂದು 'ಯಾರು?' ಎಂದು ಕೇಳುತ್ತಿದ್ದ. ಆಗ ಹೆಸರು ಹೇಳಬೇಕು. ಬರೀ ಹೆಸರು, ಮತ್ತೇನಿಲ್ಲ. ದೂರದಲ್ಲಿ ತೀರಿಕೊಂಡವರಾಗಿ ಹೆಣ ಈ ಬೀದಿಗೆ ಬರದಿದ್ದರೆ, ಮಾದಯ್ಯನೇ ಬೇವಿನ ಮರದವರೆಗೆ ನಡೆದು, ಹಿಂದಿರುಗುತ್ತಾ ಒಂದೊಂದೇ ಎಳೆ ಬಿಚ್ಚಿಕೊಂಡು ಬರುತ್ತಿದ್ದ.

ಈ ಕೆಲಸ ಅವನ ಪಾಲಿಗೆ ಬಂದದ್ದು ಅವನಿಗೆ ಸ್ವಂತ ಮಗ್ಗ ಇಲ್ಲ ಎಂದೇ. ಮಗ್ಗ ಇದ್ದವರು ಮೊದಲು ತಮ್ಮದನ್ನು ನಿಲ್ಲಿಸಿ ಬರಬೇಕಲ್ಲ. ಬೀದಿಯ ಹಳೆಯ ಯಜಮಾನರು, 'ನಿನ್ಗೆ ನಿಲ್ಸಾಕೆ ಏನದೆ, ನೀನೇ ಓಗಪ್ಪ' ಅಂದಿದ್ದರಂತೆ. ಅವರು ಹೋದರು, ಅವರ ಮಗ ಶಾಂತಮೂರ್ತಿ ಯಜಮಾನರಾದರು, ಅರವತ್ತು ಮಗ್ಗ ಇದ್ದ ಬೀದಿಯಲ್ಲಿ ಹದಿನಾಲ್ಕು ಉಳಿದವು. ಎಳೆ ಕಟ್ಟುವವನು ಮಾತ್ರ ಮಾದಯ್ಯನೇ.

ಅವನು ಹುಟ್ಟಿದ್ದು ಗೋಪಿನಾಥಂ ಕಡೆ. ಎಂಟು ವರ್ಷಕ್ಕೆ ತಾಯಿಯ ಸೆರಗು ಹಿಡಿದು ಈ ಊರಿಗೆ ಬಂದ. ತಮಿಳು ಮಾತಿನ ಮುದುಕನೊಬ್ಬನ ಪಕ್ಕ ಕೂತು ಹಾಸು ಕೆಚ್ಚುವುದನ್ನು ಕಲಿತ. ನೇಯ್ದು ಮುಗಿದ ಹಾಸಿನ ತುದಿಯಲ್ಲಿ ಉಳಿದ ಒಂದೊಂದೆಳೆಗೂ ಹೊಸ ಹಾಸಿನ ಒಂದೊಂದೆಳೆ ಕೊಟ್ಟು, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಕೂಡಿಸುವ ಕೆಲಸ. ಒಂದು ಮಗ್ಗಕ್ಕೆ ನಾಲ್ಕು ಸಾವಿರ ಎಳೆಗೆ ಕಮ್ಮಿಯಿಲ್ಲ. ಒಂದು ಅದಲುಬದಲಾದರೂ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಕೊನೆಯವರೆಗೂ ಅವನು ಎಳೆ ಎಣಿಸುತ್ತಿದ್ದುದು ತಮಿಳಿನಲ್ಲೇ: ಒಣ್ಣು, ರೆಂಡು, ಮೂಣು.

ಯಳಂದೂರಿನಿಂದ ಶಿವರತ್ನಮ್ಮ ಅವನ ಕೈ ಹಿಡಿದು ಬಂದ ಎಂಟನೆಯ ದಿನವೇ ಅವಳನ್ನು ಹಾಸಿನ ಎಡಗಡೆ ಕೂರಿಸಿದ. 'ನೀ ಆ ಅಂಚಿಂದ ಬಾ. ನಾ ಈ ಅಂಚಿಂದ ಬತ್ತೀನಿ. ನಡೂಕೆ ಸಿಕ್ತೀನಿ' ಅಂದ. ನಲವತ್ತೊಂದು ವರ್ಷ ಹಾಗೇ ನಡುವಿನಲ್ಲಿ ಸಿಕ್ಕಿದರು. ಅಷ್ಟು ವರ್ಷದಲ್ಲಿ ಅವಳು ಒಂದು ಸಲವೂ ಗಂಡನ ಹೆಸರು ಹೇಳಿದವಳಲ್ಲ. ನಮ್ ಮನೇವ್ರು ಅನ್ನುವಳು. ಮಗಳು ಹುಟ್ಟಿದ ಮೇಲೆ ಭವ್ಯನ ಅಪ್ಪ. ರೇಷನ್ ಕಾರ್ಡಿನ ಆಫೀಸಿನಲ್ಲಿ ಗಂಡನ ಹೆಸರು ಕೇಳಿದಾಗಲೂ ಪಕ್ಕದವರ ಕಡೆ ತಿರುಗಿ, 'ನೀನೇಳವ್ವ' ಅಂದಿದ್ದಳು.

ಒಂದು ದಿನ ಬಿಳಿ ಎಳೆಗಳನ್ನು ಗೇಣು ಹಾಕಿ ಕತ್ತರಿಸುತ್ತಾ ಕೂತಿದ್ದವನನ್ನು ಅವಳು ಕೇಳಿದಳು: 'ನಮ್ಗೂ ಕಟ್ತಾರಾ?'

'ನಮ್ಗಾ?' ಮಾದಯ್ಯ ನಕ್ಕ. 'ಕಟ್ಟೋನೇ ನಾನು. ನಾನೇ ಓದ್ಮೇಲೆ ಕಟ್ಟೋರ್ಯಾರೇ?'

ಅವಳೂ ನಕ್ಕಳು. ಆದರೆ ಆ ಮಾತು ಅವಳೊಳಗೆ ಕೂತುಬಿಟ್ಟಿತು. ಅವಳಿಗೆ ಇನ್ನೇನೂ ಬೇಕಿರಲಿಲ್ಲ. ಮುಂದೆ ಎಂದೋ ಒಂದು ದಿನ, ಗಂಡ ಹೋದ ದಿನ, ಈ ಬೀದಿ ಒಂದಿಷ್ಟು ಹೊತ್ತು ಸುಮ್ಮನಿರಬೇಕು.

ಆ ನಲವತ್ತೊಂದನೆಯ ವರ್ಷದ ಮಾರ್ಗಶಿರ ಮಾಸವನ್ನು ಬೀದಿಯವರು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ತಿಂಗಳು ಹುಟ್ಟಿದ ನಾಲ್ಕನೆಯ ದಿನ ದೊಡ್ಡಸಿದ್ದಯ್ಯ ಮೇಷ್ಟ್ರು ಹೋದರು. ಬೀದಿಯ ಅರ್ಧ ಜನಕ್ಕೆ ರುಜು ಹಾಕುವುದನ್ನು ಕಲಿಸಿದವರು. ಎಳೆ ಕಟ್ಟಿದ್ದಾಯಿತು. ಹುಣ್ಣಿಮೆ ಕಳೆದ ಮೇಲೆ ಹನೂರಿನ ಮಗಳ ಮನೆಯಲ್ಲಿ ನರ್ಸ್ ರಾಮಮ್ಮ ತೀರಿಕೊಂಡರು. ಕಾಮಗೆರೆ ಆಸ್ಪತ್ರೆಯಲ್ಲಿದ್ದಷ್ಟು ವರ್ಷವೂ ಈ ಬೀದಿಯ ಕೂಸುಗಳನ್ನು ಭೂಮಿಗೆ ಇಳಿಸಿಕೊಂಡ ಕೈ ಅವರದು.

'ಅವರು ನಮ್ಮೂರೋರಲ್ವಲ್ಲ' ಎಂದು ನೇಕಾರ ನಿಂಗರಾಜು ತಕರಾರು ತೆಗೆದ. ಅವನದು ಮೂರನೇ ಮನೆ, ಬಾಯಿ ಸುಮ್ಮನಿರದು.

'ನಿನ್ನ ಕಾಲು ಇಡ್ದು ಎಳ್ದೋರು ಅವರೇ ಕಣ್ಲಾ' ಅಂದ ಮಾದಯ್ಯ. 'ತಲೆ ಮೊದ್ಲು ಬರ್ನಿಲ್ಲ ನೀನು. ಅದ್ಕೇ ಇಂಗಾಡ್ತೀಯ.'

ನಿಂಗರಾಜು ನಗುತ್ತಾ ಕಾಲು ಮೇಲೆ ತೆಗೆದ.

ಅದಾಗಿ ವಾರ ತುಂಬುವುದರೊಳಗೆ ಕೆಂಪನಂಜಪ್ಪನವರು ಹೋದರು. ಹಿಪ್ಪುನೇರಳೆ ತೋಟದವರು, ಬೀದಿಗೆ ಮೂವತ್ತು ವರ್ಷ ರೇಷ್ಮೆ ಕೊಟ್ಟವರು. ಮೂರನೆಯ ಸಲ ಮಗ್ಗ ನಿಂತಿತು. ಈ ಸಲ ಯಾರೂ ನಗಲಿಲ್ಲ. ಸಂಕ್ರಾಂತಿ ಕಳೆದ ಮೇಲಿನ ಮದುವೆಗಳ ಸೀರೆ ಎಲ್ಲರ ಮಗ್ಗದ ಮೇಲೂ ಇತ್ತು.

'ನೀ ಬಂದ್ರೆ ಎದೆ ಒಡ್ಕತದೆ ಕಣಯ್ಯ' ಅಂದ ನಿಂಗರಾಜು. 'ಇನ್ಯಾರವ್ರೆ ಈ ತಾಲ್ಲೂಕಲ್ಲಿ ಹೆಸರಾದೋರು? ಎಲ್ರನ್ನೂ ಒಂದೇ ತಿಂಗ್ಳಲ್ಲಿ ಕಳಿಸ್ಬುಡ್ತೀಯಾ?'

ಆ ಸಂಜೆ ಶಾಂತಮೂರ್ತಿ ಮಾದಯ್ಯನನ್ನು ಕರೆದರು. ಕೆಟ್ಟವರಲ್ಲ, ಸೀರೆ ಯಾವಾಗ ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟು ಸೋತಿದ್ದರು. 'ಎಳ್ಳಮಾಸೆ ಕಳೆಯೋಗಂಟ ಯಾರು ಓದ್ರೂ ಮಗ್ಗ ನಿಲ್ಸಾದು ಬ್ಯಾಡ. ಎಷ್ಟು ದೊಡ್ಡೋರಾದ್ರೂ ಸೈ. ನಾಲ್ಕೈದು ದಿನದ ಮಾತು. ಮನೆಮನೆಗೂ ಏಳ್ಬುಡಪ್ಪ.'

ಮಾದಯ್ಯ ಬರಿಗೈಯಲ್ಲಿ ಹದಿನಾಲ್ಕು ಮನೆಗೂ ಹೋಗಿ ಹೇಳಿ ಬಂದ. ಮನೆಗೆ ಬಂದವನು, 'ಇವತ್ತು ಎಲ್ರೂ ಕಾಫಿ ಕೊಟ್ರು ಕಣೇ' ಅಂದ.

ಮಾರನೆಯ ದಿನ ಇಬ್ಬರೂ ಶಾಂತಮೂರ್ತಿಯವರ ಮನೆಯಲ್ಲಿ ಹೊಸ ಹಾಸು ಕೆಚ್ಚಲು ಕೂತರು. ಸಂಜೆ ಹೊತ್ತಿಗೆ ಅವನು ಬಲದಿಂದ, ಅವಳು ಎಡದಿಂದ ಬಂದು, ನಡುವೆ ಸಾವಿರದಷ್ಟು ಎಳೆ ಉಳಿದವು. 'ಭುಜ ಯಾಕೋ ಇಡ್ಕಂಡದೆ, ಬೆಳಿಗ್ಗೆ ಬತ್ತೀವಿ' ಅಂದ ಮಾದಯ್ಯ. ಇಬ್ಬರೂ ಎದ್ದರು.

ಬೆಳಿಗ್ಗೆ ಮಾದಯ್ಯ ಜಗುಲಿಯ ಮೇಲೆ ಕೂತು ಕಾಫಿ ಲೋಟ ಕೈಗೆ ತೆಗೆದುಕೊಂಡ. ಶಿವರತ್ನಮ್ಮ ಬೂದಿಯ ಡಬ್ಬಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಗೋಡೆಗೆ ಒರಗಿದ್ದ. ಲೋಟ ತೊಡೆಯ ಮೇಲೆ ನೆಟ್ಟಗೆ ಇತ್ತು, ಒಂದು ತೊಟ್ಟೂ ಚೆಲ್ಲಿರಲಿಲ್ಲ. ಅವಳು ಲೋಟ ತೆಗೆದು ಒಳಗಿಟ್ಟು ಬಂದಳು. ಆಮೇಲೆ ಪಕ್ಕದ ಮನೆಯವರನ್ನು ಕೂಗಿದಳು.

ಜನ ಬಂದರು. ನಿಂಗರಾಜು ಬಾಗಿಲಲ್ಲೇ ನಿಂತು ಹೆಗಲ ಟವೆಲು ಕೈಗೆ ತೆಗೆದುಕೊಂಡ. ಶಾಂತಮೂರ್ತಿ ಬಂದು ಕಾಲ ಬಳಿ ಕುಕ್ಕರಗಾಲಲ್ಲಿ ಕೂತರು, ಎದ್ದು ಹೋದರು. ಯಳಂದೂರಿನಿಂದ ಮಗಳು ಭವ್ಯ ಗಂಡನ ಬೈಕಿನಲ್ಲಿ ಬಂದು ಅಪ್ಪನ ಮೇಲೆ ಬಿದ್ದು ಗೋಳಾಡಿದಳು. ಶಿವರತ್ನಮ್ಮನಿಗೆ ಅಳು ಬರಲಿಲ್ಲ. ಬರಬೇಕಲ್ಲ ಎಂದುಕೊಂಡು ಕಾದಳು. ಯಾರೋ ನೀರು ಕೊಟ್ಟರು, ಕುಡಿದಳು. ಯಾರೋ ಬಳೆ ಮುಟ್ಟಿದರು, ಕೈ ಚಾಚಿದಳು. ಎಲ್ಲವೂ ಬೇರೆ ಯಾರ ಮನೆಯಲ್ಲೋ ನಡೆಯುತ್ತಿರುವ ಹಾಗಿತ್ತು. ಕಿವಿಯೊಂದೇ ಎಚ್ಚರವಾಗಿತ್ತು.

ಬಂದು ಹೋದವರು ಒಬ್ಬೊಬ್ಬರಾಗಿ ಮಗ್ಗಕ್ಕೆ ಇಳಿದದ್ದು ಅವಳಿಗೆ ಕೇಳಿಸುತ್ತಿತ್ತು. ಮೊದಲು ಎದುರು ಮನೆಯದು. ಆಮೇಲೆ ತುಳಿಯುವಾಗ ಕಿರ್ರೆನ್ನುವ ನಿಂಗರಾಜುವಿನದು. ಹದಿಮೂರು ಮಗ್ಗ ಓಡುತ್ತಿದ್ದವು. ಹಾಸು ಅರ್ಧಕ್ಕೆ ನಿಂತ ಶಾಂತಮೂರ್ತಿಯವರದೊಂದು ಓಡುವಂತಿರಲಿಲ್ಲ.

ಭವ್ಯಳಿಗೂ ಕೇಳಿಸಿತು. ಕಣ್ಣೊರೆಸಿಕೊಂಡು ಎದ್ದಳು. 'ಏನವ್ವ ಇದು? ಊರಿಗೆಲ್ಲ ಮಗ್ಗ ನಿಲ್ಸಿದ್ದು ನಮ್ಮಪ್ಪ. ಅವನ್ಗೇ ಇಲ್ವಾ? ಯಜಮಾನ್ರ ಮನೆ ಬಾಗ್ಲಲ್ಲಿ ನಿಂತು ಕೇಳ್ತೀನಿ ಬುಡು ನನ್ನ.'

'ಕೂತ್ಕೊ.'

'ನಿನ್ಗೇನೂ ಅನ್ನಿಸ್ದಾ?'

'ಅಮಾಸೆ ಕಳೆಯೋಗಂಟ ಬ್ಯಾಡ ಅಂತ ಮನೆಮನೆಗೂ ಏಳ್ಬಂದಿರೋದು ನಿಮ್ಮಪ್ಪನೇ ಕಣವ್ವ' ಅಂದಳು ಶಿವರತ್ನಮ್ಮ. 'ಅವರು ಏಳಿದ ಮಾತ ಅವರಿಗೋಸ್ಕರ ಮುರ್ಯಾದಾ?'

ಮಧ್ಯಾಹ್ನ ಹೆಣ ಎತ್ತಿದರು. ಹೆಂಡತಿ ಹೊಸಿಲು ದಾಟುವಂತಿಲ್ಲ. ಅವಳು ಒಳಗೆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಎದುರು ಮನೆಯ ಮಗ್ಗ ನಿಂತಿತು. ಅವರು ಬಾಗಿಲಿಗೆ ಬಂದು ಕೈ ಮುಗಿಯುತ್ತಿರಬೇಕು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಶುರುವಾಯಿತು, ಅದರ ಆಚೆಯದು ನಿಂತಿತು. ಅದೂ ಶುರುವಾಯಿತು, ಕಿರ್ರೆನ್ನುವುದು ನಿಂತಿತು. ಹೀಗೆ ಒಂದು ನಿಂತು, ಒಂದು ಶುರುವಾಗಿ, ಗಂಡ ಈಗ ಯಾವ ಮನೆಯ ಮುಂದೆ ಇದ್ದಾನೆ ಎಂದು ಅವಳಿಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಶಾಂತಮೂರ್ತಿಯವರ ಮನೆ ಯಾವಾಗ ದಾಟಿತೋ ತಿಳಿಯಲಿಲ್ಲ. ಕೊನೆಯ ಮನೆಯದು ನಿಂತಿತು. ಅದು ಮತ್ತೆ ಶುರುವಾದಾಗ, ಬೇವಿನ ಮರ ದಾಟಿತು ಎಂದುಕೊಂಡಳು. ಎದ್ದು, ಹೆಣ ಇಟ್ಟಿದ್ದ ಜಾಗ ಗುಡಿಸಿದಳು.

ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಶಾಂತಮೂರ್ತಿಯವರ ಹೆಂಡತಿ ದೊಡ್ಡಬಸಮ್ಮ ಬಂದು ಕೂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

'ಕೇಳಾಕೆ ಬಾಯಿ ಬರಾಕಿಲ್ಲ ಅಕ್ಕ. ಆ ಹಾಸು ಹಂಗೇ ಅದೆ. ಬೇರೆ ಬೀದಿಯೋರ್ನ ಕರ್ಸಾನ ಅಂದ್ರೆ ಇವ್ರು ಬ್ಯಾಡ ಅಂತಾರೆ. ಅರ್ಧ ನಿನ್ ಕೈದು, ಅರ್ಧ ಅಣ್ಣನ ಕೈದು, ನಡೂಕೆ ಇನ್ನೊಬ್ರ ಕೈ ಬ್ಯಾಡ ಅಂತ. ರೇಷ್ಮೆಗೆ ಸೂತಕ ತಟ್ಟಾಕಿಲ್ಲ...'

'ಅಮಾಸೆ ಕಳೀಲಿ' ಅಂದಳು ಶಿವರತ್ನಮ್ಮ. 'ಬತ್ತೀನಿ.'

ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವ ಪದ್ಧತಿಯಿಲ್ಲ. ಮಾರನೆಯ ಬೆಳಿಗ್ಗೆ ಅವಳು ಬೂದಿಯ ಡಬ್ಬಿ ತೆಗೆದುಕೊಂಡಳು. ಮೊಳೆಗೆ ನೇತು ಹಾಕಿದ್ದ ಗಂಡನ ಅಂಗಿಯ ಜೇಬಿಗೆ ಕೈ ಹಾಕಿ, ಅಲ್ಲಿದ್ದದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಂಕ್ರಾಂತಿ ಹತ್ತಿರವಾಗಿತ್ತು, ಬೀದಿ ತುಂಬ ಲಾಳಿಯ ಸದ್ದು.

ಶಾಂತಮೂರ್ತಿಯವರ ಮನೆಯಲ್ಲಿ ಎಡಗಡೆ, ತಾನು ಬಿಟ್ಟ ಜಾಗಕ್ಕೇ ಕೂತಳು. ಬೂದಿ ಮುಟ್ಟಿ ಹೊಸೆಯತೊಡಗಿದಳು. ಬೆರಳು ತಮ್ಮಷ್ಟಕ್ಕೆ ನಡೆದವು, ಅವಳು ಏನೂ ಯೋಚಿಸಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಮಾದಯ್ಯ ಹೊಸೆದ ಕೊನೆಯ ಎಳೆ ಸಿಕ್ಕಿತು. ಅದರ ಪಕ್ಕದ ಎಳೆ ಕೂಡಿಸಿ ಕೈ ತೆಗೆದಳು.

ಶಾಂತಮೂರ್ತಿ ಹಾಸನ್ನು ಮುಂದಕ್ಕೆಳೆದು, ಗುಂಡಿಗೆ ಕಾಲು ಬಿಟ್ಟು ಕೂತರು. 'ಶುರು ಮಾಡ್ಲಾ ಅಕ್ಕ?'

ಶಿವರತ್ನಮ್ಮ ಎದ್ದು ಸೊಂಟದಿಂದ ಬಿಳಿ ಎಳೆಗಳ ಕಟ್ಟು ತೆಗೆದಳು. ಒಂದನ್ನು ಎಳೆದು ಮಗ್ಗದ ನೇತುಹಗ್ಗಕ್ಕೆ ಕಟ್ಟಿದಳು.

ಶಾಂತಮೂರ್ತಿಯವರ ಕೈ ಲಾಳಿಯ ಮೇಲೆಯೇ ನಿಂತಿತು. ಎಳೆ ನೋಡಿದರು, ಅವಳ ಮುಖ ನೋಡಿದರು. ಹಾಸಿನ ಮುಂದೆ ಮಾತಾಡುವಂತಿರಲಿಲ್ಲ. ನಿಧಾನವಾಗಿ ಕಾಲು ಮೇಲೆ ತೆಗೆದು, ಅವಳ ಹಿಂದೆಯೇ ಹೊಸಿಲು ದಾಟಿ ಬಂದರು.

'ಅಮಾಸೆ ಮುಗೀತಲ್ಲ ಯಜಮಾನ್ರೇ' ಅಂದಳು.

'ಮುಗೀತು.' ಶಾಂತಮೂರ್ತಿ ಪದ್ಧತಿಯ ಹಾಗೆ ಕೇಳಿದರು: 'ಯಾರು?'

'ಭವ್ಯನ ಅಪ್ಪ.'

ಶಾಂತಮೂರ್ತಿ ಅಲುಗಲಿಲ್ಲ. ಅವಳಿಗೂ ಗೊತ್ತಿತ್ತು, ಹೆಸರು ಹೇಳದೆ ಮಗ್ಗ ನಿಲ್ಲುವುದಿಲ್ಲ. ಪಕ್ಕಕ್ಕೆ ತಿರುಗಿ ನೀನೇಳವ್ವ ಅನ್ನಲು ಅಲ್ಲಿ ಯಾರೂ ಇರಲಿಲ್ಲ.

'ಮಾದಯ್ಯ' ಅಂದಳು.

ಬಾಯಿಗೆ ಆ ಹೆಸರು ಗೊತ್ತೇ ಇರಲಿಲ್ಲ. ಗುರುತಿಲ್ಲದ ಯಾರನ್ನೋ ಕರೆದ ಹಾಗೆ ಕೇಳಿಸಿತು.

ಅವಳು ಮುಂದಿನ ಮನೆಗೆ ನಡೆದಳು. ಅಲ್ಲಿಯೂ ಎಳೆ ಕಟ್ಟಿದಳು, ಹೊಸಿಲಾಚೆ ನಿಂತಳು, ಹೆಸರು ಹೇಳಿದಳು. ನಿಂಗರಾಜು ಅವಳ ಕೈ ನೋಡಿದವನೇ ಕಾಲು ಮೇಲೆಳೆದುಕೊಂಡ. ಹೊರಗೆ ಬಂದು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ನಿಂತ. ಅವನು 'ಯಾರು?' ಎಂದು ಕೇಳುವವರೆಗೂ ಅವಳು ನಿಂತೇ ಇದ್ದಳು. ಹದಿನಾಲ್ಕು ಮನೆ, ಹದಿನಾಲ್ಕು ಸಲ. ಕೊನೆಯ ಮನೆಯ ಮಗ್ಗವೂ ನಿಂತಾಗ ಎಲ್ಲೋ ಕುಕ್ಕರ್ ಕೂಗಿತು, ಆಚೆ ಬೀದಿಯ ಪವರ್‌ಲೂಮ್ ಸದ್ದು ಕೇಳಿಸಿತು. ಈ ಬೀದಿಯಲ್ಲಿ ಸದ್ದಿರಲಿಲ್ಲ. ಜನ ಬಾಗಿಲುಗಳಲ್ಲಿ ನಿಂತಿದ್ದರು.

ಅವಳು ನಡುಬೀದಿಯಲ್ಲಿ ಬೇವಿನ ಮರದವರೆಗೆ ನಡೆದಳು. ಅಂದು ಜೊತೆಗೆ ಹೋಗಲಾಗದ ದಾರಿ. ಮರದ ಬಳಿ ನಿಂತಾಗ ಈಗಲಾದರೂ ಅಳು ಬರಬಹುದೇ ಎಂದು ನೋಡಿದಳು. ಬರಲಿಲ್ಲ. ಬಿಸಿಲು ಚುರುಕಾಗಿತ್ತು, ಹೊಟ್ಟೆ ಹಸಿದಿತ್ತು.

ಹಿಂದಿರುಗುತ್ತಾ ಒಂದೊಂದೇ ಮನೆಯ ಎಳೆ ಬಿಚ್ಚಿದಳು. ಒಣ್ಣು. ರೆಂಡು. ಮೂಣು. ಅವಳ ಬೆನ್ನ ಹಿಂದೆ ಮಗ್ಗಗಳು ಒಂದೊಂದಾಗಿ ಶುರುವಾದವು. ಮನೆಗೆ ಬಂದು ಹದಿನಾಲ್ಕು ಎಳೆಯನ್ನೂ ಸುತ್ತಿ ಅಂಗಿಯ ಜೇಬಿಗೆ ಹಾಕಿದಳು. ಒಬ್ಬಳಿಗೆ ಆಗುವಷ್ಟು ಅಕ್ಕಿ ತೆಗೆದು ನೀರಿಗೆ ಕೈ ಇಟ್ಟಾಗ, ಬೆರಳಿನ ಬೂದಿ ನೀರಿನಲ್ಲಿ ಬಿಟ್ಟುಕೊಂಡಿತು. ಆ ನೀರು ಚೆಲ್ಲಿ ಬೇರೆ ನೀರು ಹಾಕಿದಳು.