ಮುಖಾವೇಲಿಯ ಕಮಾನನ್ನು ನಿಲ್ಲಿಸಿದ ಲಾಮಾರಾ

ನಮ್ಮ ಜಾರ್ಜಿಯಾದಲ್ಲಿ ಮಧ್ಯಯುಗದ ಚರ್ಚುಗಳ ವಾಸ್ತುವನ್ನು ಕುರಿತು ಬರೆದವರು ಬಹಳ. ಬಿರುಕುಬಿಟ್ಟ ಗೋಡೆಗೆ ಅಂಗೈಯಾನಿಸಿ ಅದರ ಕ್ಷೇಮ ವಿಚಾರಿಸಿದವರು ವಿರಳ. ಆ ವಿರಳರ ಪಂಕ್ತಿಯಲ್ಲಿ ಅಗ್ರಗಣ್ಯರಾದ ಶ್ರೀಮತಿ ಲಾಮಾರಾ ಖುತ್ಸಿಶ್ವಿಲಿಯವರು ಸ್ಮಾರಕ ಸಂರಕ್ಷಣೆಯ ಸುದೀರ್ಘ ಸೇವೆಯಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ಪಳಗಿದ ನನಗೆ ಎರಡು ಮಾತು ಬರೆಯುವ ಭಾಗ್ಯ ಒದಗಿದೆ.

ಚರ್ಚುಗಳು ಗೊಬ್ಬರದ ಉಗ್ರಾಣಗಳಾಗಿದ್ದ ಸೋವಿಯತ್ ಕಾಲದಲ್ಲಿ ಅವರು ಸೇವೆಗೆ ಸೇರಿದರು. ಮುಂದೆ ಸೋವಿಯತ್ ಒಕ್ಕೂಟ ಕುಸಿದು, ವಿದ್ಯುತ್ ದೀಪವೂ ಸಂಬಳವೂ ಇಲ್ಲದ ವರ್ಷಗಳು ಬಂದಾಗ ಅನೇಕರು ಹುದ್ದೆ ತೊರೆದರು. ಇವರು ನಮ್ಮಂಥ ಕಿರಿಯರಿಗೆ ಮನೆಯಿಂದ ಹುರುಳಿಕಾಯಿ ಪಲ್ಯ, ಮೆಕ್ಕೆಜೋಳದ ರೊಟ್ಟಿ ತಂದು ಉಣಿಸುತ್ತ, ಬೆಟ್ಟ ಹತ್ತಿಸುತ್ತ ಕೆಲಸ ಕಲಿಸಿದರು.

ಅವರ ಹೆಸರು ಶಾಶ್ವತವಾಗಿ ಬೆಸೆದುಕೊಂಡಿರುವುದು ಮುಖಾವೇಲಿ ಎಂಬ ಬೆಟ್ಟದೂರಿನ ಹನ್ನೊಂದನೆಯ ಶತಮಾನದ ಚರ್ಚಿನೊಂದಿಗೆ. ಗುಮ್ಮಟ ಹಿಂದೆಂದೋ ಭೂಕಂಪದಲ್ಲಿ ಕುಸಿದಿತ್ತು. ಪೂರ್ವದ ಅರ್ಧಗುಮ್ಮಟ, ದ್ರಾಕ್ಷಿಬಳ್ಳಿ ಕೆತ್ತಿದ ಕಿಟಕಿಯುಳ್ಳ ದಕ್ಷಿಣದ ಗೋಡೆ, ಅವೆರಡನ್ನೂ ಹಿಡಿದಿದ್ದ ಒಂದೇ ಒಂದು ಕಮಾನು ಉಳಿದಿದ್ದವು. ಕಮಾನಿನ ಬುಡದ ಕಲ್ಲುಗಳನ್ನು ಊರವರು ಯಾವಾಗಲೋ ಮನೆ ಕಟ್ಟಲು ಒಯ್ದಿದ್ದರು. ಕಮಾನು ಬೀಳದಂತೆ ಆನಿಸಿದ್ದ ಮರದ ಕಂಬಗಳು ಇನ್ನೊಂದು ಹಿಮಗಾಲವನ್ನು ತಾಳುವಂತಿರಲಿಲ್ಲ.

ಒಯ್ದ ಕಲ್ಲುಗಳಲ್ಲಿ ಅತಿ ದೊಡ್ಡದು ಪೆಲಾಗಿಯಾ ಎಂಬ ಮುದುಕಿಯ ದ್ರಾಕ್ಷಾರಸದ ಕೋಣೆಯ ಬಾಗಿಲ ಮೇಲಿತ್ತು; ಅದನ್ನು ಮರಳಿ ಕೇಳಲು ಲಾಮಾರಾ ಮತ್ತು ನಾನು ಹೋದೆವು.

"ನಮ್ಮತ್ತೆ ಕಾಲದ್ದು ಅದು. ನಿನ್ನ ದೇವರ ಮನೆ ನಿಲ್ಸೋಕೆ ನನ್ನ ಮನೆ ಕೆಡವ್ತೀಯೇನೇ?" ಎಂದು ಮುದುಕಿ ಗದರಿದಳು.

"ಮೊದ್ಲು ನಿಮ್ಮ ಮನೆ ನಿಲ್ಸ್ತೀನಿ ಅಜ್ಜಿ, ಆಮೇಲೆ ದೇವರ್ದು," ಎಂದರು ಲಾಮಾರಾ.

"ಸರ್ಕಾರದೋರೆಲ್ಲ ಹಿಂಗೇ ಅನ್ನೋದು. ಆಮೇಲೆ ಮುಖಾನೂ ತೋರ್ಸಲ್ಲ!"

ಕಾನೂನು ನಮ್ಮ ಕಡೆಗಿತ್ತು, ಪೊಲೀಸರನ್ನು ಕರೆಯೋಣವೆಂದೆ. ಲಾಮಾರಾ ಸಿಡುಕಿದರು: "ಅಜ್ಜಿನ ಅಳಿಸಿ ತಂದ ಕಲ್ಲಿನ ಮೇಲೆ ಪ್ರಾರ್ಥನೆ ಮಾಡೋರು ಯಾರೋ?"

ಗಣಿಯಿಂದ ಹೊಸ ಕಲ್ಲು ತರಿಸಿ, ಅಜ್ಜಿಯ ಬಾಗಿಲಿಗೆ ಓಕ್ ಮರದ ಆನಿಕೆ ಕೊಟ್ಟು, ಸುಣ್ಣದ ಗಾರೆಯನ್ನು ತಾವೇ ಕಲಸಿ, ಹೊಸದನ್ನು ಕೂರಿಸಿಯೇ ಹಳೆಯದನ್ನು ಇಳಿಸಿದರು. ಪೆಲಾಗಿಯಾ ಬಾಗಿಲನ್ನು ಹಲವು ಸಲ ತೆರೆದು ಮುಚ್ಚಿ ನೋಡಿದಳು. ಬಳಿಕ ಬೀದಿಗೆ ಬಂದು ನೆರೆಯವನನ್ನು ಕೂಗಿದಳು: "ಏ ಗೆಲಾ! ಹಂದಿಗೂಡಲ್ಲಿ ಶಿಲುಬೆ ಕಲ್ಲು ಇಟ್ಕೊಂಡು ಅದ್ಹೇಗೋ ನಿದ್ದೆ ಮಾಡ್ತೀಯಾ? ತಂದು ಕೊಡೋ!" ವಾರ ಕಳೆಯುವುದರೊಳಗೆ ಟ್ರ್ಯಾಕ್ಟರಿನಲ್ಲಿ, ಕತ್ತೆಯ ಬೆನ್ನಿನಲ್ಲಿ ಕಲ್ಲುಗಳು ಬೆಟ್ಟವೇರಿದವು. ಕಮಾನು ಹಿಮವನ್ನು ಹೊತ್ತು ನಿಂತಿತು.

ಅವರು ಹಠಮಾರಿಗಳೆಂಬುದನ್ನೂ ಹೇಳಬೇಕು. ಚರ್ಚಿಗೆ ತಗಡಿನ ಮಾಡು ಹೊದಿಸೋಣವೆಂದಾಗ, ಅದು ಗಾಳಿಗೆ ಎದ್ದು ಗೋಡೆಯನ್ನೇ ಕೀಳುತ್ತದೆಂದು ಬೇಡವೆಂದರು. ಮುಂದಿನ ವಸಂತದ ಮಳೆಯಲ್ಲಿ ದಕ್ಷಿಣದ ಗೋಡೆಯ ಹಳೆಯ ಭಿತ್ತಿಚಿತ್ರದ ಮರಿಯಮ್ಮನ ಮುಖ ತೊಳೆದುಹೋಯಿತು. ಆ ಖಾಲಿ ಜಾಗದ ಮುಂದೆ ಅವರು ನಿಂತು ಅತ್ತದ್ದನ್ನು ಕಂಡಿದ್ದೇನೆ. ಅದನ್ನು ಮತ್ತೆ ಬರೆಸೋಣವೆಂದವರ ಮಾತಿಗೆ ಮಾತ್ರ, ಹೊಸ ಬಣ್ಣ ಹಳೆಯ ಚಿತ್ರವಾಗದೆಂದು, ಒಪ್ಪಲಿಲ್ಲ.

ಮೊನ್ನೆ, ವಿಶ್ರಾಂತಿ ಹೇಗೆ ಕಳೆಯುವಿರೆಂದು ಕೇಳಿದೆ. "ಕಣಿವೆಯಾಚೆ ಇನ್ನೊಂದು ಚರ್ಚಿದೆ ಕಣೋ. ಗುಮ್ಮಟ ಇನ್ನೂ ಗಟ್ಟಿಯಾಗಿದೆ. ಈ ಸಲನಾದ್ರೂ ಬೀಳೋಕೆ ಮುಂಚೆ ಹೋಗೋಣ," ಎಂದರು.

ಆ ಪೂಜ್ಯರಿಗೆ ಆಯುರಾರೋಗ್ಯಗಳು ತುಂಬಿ ಬರಲಿ ಎಂದು ನಮ್ಮ ವಾಡಿಕೆಯಂತೆ ದ್ರಾಕ್ಷಾರಸದ ಬಟ್ಟಲೆತ್ತಿ ಹಾರೈಸುತ್ತೇನೆ. ಸೋಮವಾರ ಬೆಳಿಗ್ಗೆ ಕಣಿವೆಯಾಚೆಗೆ ಹೊರಡುತ್ತಿದ್ದೇವೆ.