ಮೂವತ್ತು ದಿನದ ಬ್ಯಾಕಪ್

ನನ್ನ ಗೆಳೆಯನ ಮೇಲ್ ಖಾತೆಯನ್ನು ಅಳಿಸಿದವನು ನಾನೇ. ಅವನು ಸತ್ತು ಒಂಬತ್ತು ದಿನವಾಗಿತ್ತು. ಯಲಹಂಕದ ಆಚೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಕೆಲಸ ಬಿಟ್ಟವರ ಪಟ್ಟಿಯನ್ನು ಆಫೀಸಿನವರು ಆಗಾಗ ಕಳಿಸುತ್ತಿದ್ದರು, ನಾನು ಒಂದೊಂದೇ ಹೆಸರು ಹುಡುಕಿ ತೆಗೆಯುತ್ತಿದ್ದೆ. ಆ ಸಲ ನಾಲ್ಕು ಹೆಸರಿದ್ದವು. ಮೂರನೆಯದು ಅವನದು. ಅಳಿಸಿ ನಾಲ್ಕನೆಯದಕ್ಕೆ ಹೋದೆ. ಏನೂ ಅನ್ನಿಸಲಿಲ್ಲ.

ಅವನು ಪರೀಕ್ಷಾ ವಿಭಾಗದ ಗುಮಾಸ್ತ. ಇಬ್ಬರೂ ಒಂದೇ ತಿಂಗಳು ಕೆಲಸಕ್ಕೆ ಸೇರಿದವರು. ಈಗ ಬೆಂಗಳೂರೇ ಆಗಿಬಿಟ್ಟಿರುವ ಶೆಟ್ಟಿಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇದ್ದ ಮನೆತನ ಅವನದು. ಹನ್ನೊಂದು ಗಂಟೆಗೆ ಗೇಟಿನಾಚೆಯ ಹೋಟೆಲಿನಲ್ಲಿ ನಮ್ಮದು ಒಂದನ್ನು ಎರಡು ಲೋಟಕ್ಕೆ ಹಂಚಿದ ಬೈ ಟೂ ಕಾಫಿ, ವರ್ಷಾನುಗಟ್ಟಲೆ. ಅವನಿಗೊಂದು ಚಟವಿತ್ತು. ಯಾವ ಮೇಲನ್ನೂ ಅಳಿಸುತ್ತಿರಲಿಲ್ಲ. ಹಳೇ ಹಾಲ್ ಟಿಕೆಟ್ಟು, ರದ್ದಾದ ವೇಳಾಪಟ್ಟಿ, ಯಾರೋ ಕಳಿಸಿದ ಯುಗಾದಿ ಶುಭಾಶಯ, ಎಲ್ಲ ಹಾಗೇ ಇರುತ್ತಿತ್ತು. ನಾಳೆ ಯಾರಾದರೂ ಕೇಳಿದರೆ ಏನು ಮಾಡೋದು ಅನ್ನುತ್ತಿದ್ದ.

ಯಾರ ಮೇಲ್‌ಬಾಕ್ಸು ಎಷ್ಟು ಜಾಗ ತಿಂದಿದೆ ಅಂತ ತಿಂಗಳಿಗೊಮ್ಮೆ ಪಟ್ಟಿ ಮಾಡಿ ಎಲ್ಲರಿಗೂ ಕಳಿಸುವುದು ನನ್ನ ಪದ್ಧತಿ. ಮೆಟ್ರೋ ಯಶವಂತಪುರಕ್ಕೆ ಬಂದ ವರ್ಷ, ಅವನು ಸಾಯುವುದಕ್ಕೆ ಸುಮಾರು ಒಂದು ತಿಂಗಳ ಮುಂಚಿನ ಮಾತು. ಪಟ್ಟಿಯಲ್ಲಿ ಎಂದಿನಂತೆ ಅವನದೇ ಮೊದಲ ಹೆಸರು. ನನ್ನ ಬಾಯಿಗೆ ಬೀಗವಿಲ್ಲ, ಬೆರಳಿಗಂತೂ ಮೊದಲೇ ಇಲ್ಲ. ‘ಇವರ ಮೂಟೆ ಇಡೋದಕ್ಕೆ ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಗೋಡೌನ್ ಹುಡುಕುತ್ತಿದ್ದೇವೆ’ ಅಂತ ಅವನ ಹೆಸರಿನ ಮುಂದೆ ಸೇರಿಸಿ ಕಳಿಸಿಬಿಟ್ಟೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರಂತೆ. ಅವನ ಅಪ್ಪ ಅದೇ ಯಾರ್ಡಿನಲ್ಲಿ ಬೆನ್ನು ಬಿದ್ದುಹೋಗುವವರೆಗೆ ಈರುಳ್ಳಿ ಮೂಟೆ ಹೊತ್ತವರು. ಕಾಲೇಜಿನಲ್ಲಿ ಅದನ್ನು ಅವನು ಹೇಳಿಕೊಂಡಿದ್ದು ನನ್ನೊಬ್ಬನ ಹತ್ತಿರ. ಬರೆಯುವಾಗ ಅದು ನನಗೆ ನೆನಪೇ ಆಗಲಿಲ್ಲ. ಇದು ಸತ್ಯ, ಆದರೆ ಯಾರು ನಂಬಬೇಕು? ತಮಾಷೆ ಹೋಗಿ ಅಮಾಸೆ ಆಯಿತು ಅನ್ನುತ್ತಾರಲ್ಲ, ಹಾಗಾಯಿತು.

ಅವತ್ತು ಮಧ್ಯಾಹ್ನ ಅವನು ಮೇಲಿನ ಮಹಡಿಗೆ ಬಂದು ನನ್ನ ಕೋಣೆಯ ಬಾಗಿಲಲ್ಲೇ ನಿಂತ.

“ಇಂಗ್ ಮಾಡ್ಬಾರ್ದಾಗಿತ್ತು ಕಣೋ ನೀನು” ಅಂದ.

ಅಷ್ಟೇ. ಮಾರನೇ ದಿನದಿಂದ ಕಾಫಿಗೆ ಬರಲಿಲ್ಲ. ಮೂರು ವಾರ ನಾನೂ ಬಿಗಿದುಕೊಂಡೇ ಇದ್ದೆ, ಒಂದು ಮಾತಿಗೆ ಇಷ್ಟೊಂದಾ ಅಂತ. ಕೊನೆಗೆ ಒಂದು ಶುಕ್ರವಾರ ಸಂಜೆ ಮೇಲ್ ಬರೆದೆ. ಎದುರಿಗೆ ನಿಂತು ಹೇಳುವ ಧೈರ್ಯವಿರಲಿಲ್ಲ. ಅಪ್ಪನ ವಿಷಯ ತಲೆಯಲ್ಲಿರಲಿಲ್ಲ, ತಪ್ಪು ನನ್ನದೇ, ಸೋಮವಾರ ಕಾಫಿಗೆ ಬಾ ಅಂತ ಬರೆದಿದ್ದೆ. ಶನಿವಾರ ಅರ್ಧ ದಿನ. ಮೆಟ್ಟಿಲ ಮೇಲೆ ಎದುರಾದ, ಕಂಕುಳಲ್ಲಿ ಫೈಲು ಇಟ್ಟುಕೊಂಡು ಸುಮ್ಮನೆ ಇಳಿದುಹೋದ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಆಸ್ಪತ್ರೆ ಮುಟ್ಟಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನನ್ನಲ್ಲಿ ಉಳಿದದ್ದು ಒಂದೇ ಪ್ರಶ್ನೆ. ನನ್ನ ಮೇಲ್ ಓದಿದ್ದನೋ ಇಲ್ಲವೋ. ಸರ್ವರ್ ನನ್ನ ಕೈಯಲ್ಲೇ ಇತ್ತು, ನೋಡಬಹುದಿತ್ತು. ಇನ್ನೊಬ್ಬರ ಮೇಲ್ ತೆರೆಯಬಾರದು ಅನ್ನುವುದು ನನ್ನ ನೇಮ. ಆ ನೇಮದ ಹಿಂದೆ ಅಡಗಿಕೊಂಡೆ. ಕೆಲಸ ಬಿಟ್ಟವರ ಪಟ್ಟಿಯಲ್ಲಿ ಹೆಸರು ಬಂದಾಗ ಖಾತೆಯ ಜೊತೆ ಪ್ರಶ್ನೆಯೂ ಹೋಗುತ್ತದೆ ಅಂದುಕೊಂಡು ಅಳಿಸಿದ್ದೆ.

ಆಮೇಲೆ ಪರೀಕ್ಷಾ ವಿಭಾಗದ ಮೇಡಂ ಬಂದರು. ಮರುಮೌಲ್ಯಮಾಪನದ ಪತ್ರಗಳೆಲ್ಲ ಅವನ ಮೇಲ್‌ನಲ್ಲೇ ಇವೆ, ಮಕ್ಕಳ ರಿಸಲ್ಟ್ ನಿಂತುಹೋಗಿದೆ, ಹೇಗಾದರೂ ವಾಪಸ್ ತರಿಸಿಕೊಡಿ ಅಂದರು. ಎಲ್ಲ ಇಟ್ಟುಕೊಂಡಿದ್ದವನ ಮಾತೇ ಗೆದ್ದಿತು.

ನಮ್ಮದು ಬಿಟ್ಟಿ ಸರ್ವರ್, ಒಬ್ಬರ ಮೇಲ್‌ಬಾಕ್ಸನ್ನಷ್ಟೇ ಎತ್ತಿ ಕೊಡುವ ಸೌಲಭ್ಯ ಅದರಲ್ಲಿರಲಿಲ್ಲ. ಒಂದು ಕಾಳಿಗಾಗಿ ಇಡೀ ಮೂಟೆ ಸುರಿಯಬೇಕು. ಲ್ಯಾಬಿನಿಂದ ಹಳೇ ಮಷೀನೊಂದನ್ನು ತಂದು, ಒಂದೇ ಹೆಸರಿನ ಎರಡು ಸರ್ವರ್ ಜಗಳವಾಡದಿರಲಿ ಅಂತ ನೆಟ್‌ವರ್ಕ್ ವೈರ್ ಕಿತ್ತು, ಅಳಿಸಿದ ದಿನದ ಬೆಳಗಿನ ಬ್ಯಾಕಪ್ಪನ್ನು ಪೂರ್ತಿ ಅದರಲ್ಲಿ ಇಳಿಸಿದೆ. ಅವನ ಮೇಲ್‌ಬಾಕ್ಸನ್ನಷ್ಟೇ ಫೈಲ್ ಮಾಡಿಕೊಂಡು ಅಸಲಿ ಸರ್ವರಿನಲ್ಲಿ ಹೊಸ ಖಾತೆ ತೆರೆದು ತುಂಬಿಸಿದೆ. ಇದಕ್ಕೇ ಒಂದು ದಿನ ಹಿಡಿಯಿತು. ಓದಿದ್ದು ಮಾಮೂಲಿ ಅಕ್ಷರದಲ್ಲಿ, ಓದದ್ದು ದಪ್ಪ ಅಕ್ಷರದಲ್ಲಿ, ಅವನು ಬಿಟ್ಟುಹೋದ ಹಾಗೇ ಬಂತು.

ನನ್ನ ನೇಮಕ್ಕೆ ಒಂದೇ ವಿನಾಯಿತಿ, ಸರಿಯಾಗಿ ಬಂದಿದೆಯಾ ಅಂತ ಪರೀಕ್ಷಿಸಲು ಮೇಲಿನ ಮೊದಲ ಮೇಲ್ ತೆರೆಯುವುದು. ತೆರೆದೆ. ಅವನ ಶ್ರದ್ಧಾಂಜಲಿ ಸಭೆಯ ಸುತ್ತೋಲೆ. ಎಲ್ಲ ಸಿಬ್ಬಂದಿಗೆ ಅಂತ ಕಳಿಸಿದ್ದು ಅವನಿಗೂ ಹೋಗಿತ್ತು. ಅದು ಅಲ್ಲಿರಬಾರದು ಅನ್ನಿಸಿ ಡಿಲೀಟ್ ಒತ್ತಿದೆ. ಒಂದನ್ನು ಅಳಿಸಿದರೆ ಅದರ ಕೆಳಗಿನದು ತಾನಾಗಿ ತೆರೆದುಕೊಳ್ಳುತ್ತದೆ. ಅವನು ಸತ್ತ ಮೇಲೆ ಬಂದಿದ್ದ ಸುತ್ತೋಲೆಗಳೇ ಸಾಲಾಗಿದ್ದವು. ಒತ್ತಿದೆ, ಒತ್ತಿದೆ, ಕೈ ತನ್ನ ಪಾಡಿಗೆ ಒತ್ತುತ್ತಾ ಹೋಯಿತು. ಒಂದು ಸಲ ತೆರೆದುಕೊಂಡದ್ದು ನನ್ನದು. ‘ಸೋಮವಾರ ಕಾಫಿಗೆ ಬಾ’.

ತೆರೆದ ಮೇಲೆ ಅದು ಓದಿದ ಮೇಲ್. ಅದಕ್ಕೆ ಮುಂಚೆ ದಪ್ಪ ಅಕ್ಷರದಲ್ಲಿತ್ತೇ? ನಾನು ನೋಡಿರಲಿಲ್ಲ. ಕೆಲಸ ಮುಗಿಯಿತೆಂದು ಮೇಡಂಗೆ ಹೇಳಿ, ಲ್ಯಾಬಿನವರಿಗೆ ಬೇಕಾಗಿದ್ದ ಹಳೇ ಮಷೀನಿನಲ್ಲಿದ್ದುದನ್ನೆಲ್ಲ ಅಳಿಸಿ ಕೊಟ್ಟುಬಿಟ್ಟೆ.

ಬ್ಯಾಕಪ್ ಮಾತ್ರ ಇನ್ನೂ ಡಿಸ್ಕಿನಲ್ಲಿತ್ತು. ಮತ್ತೊಂದು ದಿನ ಕೂತರೆ ಗೊತ್ತಾಗುತ್ತಿತ್ತು. ಓದಿರಲಿಲ್ಲ ಅಂತಾದರೆ, ಅವನು ಆ ಗೋಡೌನಿನ ಮಾತನ್ನು ಎದೆಯಲ್ಲಿಟ್ಟುಕೊಂಡೇ ಹೋದ. ಓದಿದ್ದ ಅಂತಾದರೆ, ಓದಿಯೂ ಮೆಟ್ಟಿಲ ಮೇಲೆ ನನ್ನನ್ನು ದಾಟಿ ಹೋದ. ಎರಡರಲ್ಲಿ ಯಾವುದನ್ನೂ ಹೊರುವ ಶಕ್ತಿ ನನಗಿರಲಿಲ್ಲ. ಹೇಡಿತನ ಅಂದರೆ ಹೇಡಿತನವೇ. ಮುಂದಿನ ತಿಂಗಳ ಜಾಗದ ಪಟ್ಟಿಯಲ್ಲೂ ಅವನ ಹೆಸರೇ ಮೊದಲು ಬಂತು. ಆ ಸಾಲು ತೆಗೆದು ಕಳಿಸಿದೆ.

ನಮ್ಮಲ್ಲಿ ಬ್ಯಾಕಪ್ ಇರುವುದು ಮೂವತ್ತು ದಿನ. ಆಮೇಲೆ ಹಳೆಯದನ್ನು ತಾನಾಗಿ ಅಳಿಸುವ ಸ್ಕ್ರಿಪ್ಟ್ ಬರೆದವನೂ ನಾನೇ. ಬೆಳಿಗ್ಗೆ ಹನ್ನೊಂದಕ್ಕೆ ಓಡುವಂತೆ ಇಟ್ಟಿದ್ದೆ. ಆ ಹೊತ್ತಿಗೆ ಎಲ್ಲರೂ ಕಾಫಿಗೆ ಹೋಗಿರುತ್ತಾರೆ, ಸರ್ವರಿಗೆ ಕೆಲಸ ಕಡಿಮೆ. ಅವನ ಖಾತೆ ಅಳಿಸಿದ ದಿನದ ಬ್ಯಾಕಪ್ಪಿಗೆ ಮೂವತ್ತು ದಿನ ತುಂಬಿದ ಬೆಳಿಗ್ಗೆ ಅದನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಬಹುದಿತ್ತು. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಎದ್ದು, ಅವನು ಸತ್ತ ಮೇಲೆ ಮೊದಲ ಸಲ, ಗೇಟಿನಾಚೆಯ ಹೋಟೆಲಿಗೆ ಹೋದೆ. ಹೋಟೆಲಿನವರು ಏನೂ ಕೇಳದೆ ಹಳೇ ಅಭ್ಯಾಸದಂತೆ ಬೈ ಟೂ ತಂದಿಟ್ಟರು. ಎರಡು ಲೋಟವನ್ನೂ ನಾನೇ ಕುಡಿದು ವಾಪಸ್ ಬಂದೆ. ಅಷ್ಟರಲ್ಲಿ ಅಳಿಸಿಹೋಗಿತ್ತು.