ಮಾರುವವರ ಕಡೆಯ ಮನುಷ್ಯ

ಶಿಗ್ಗಾವಿಯ ಉಡಚಪ್ಪ ಮೂವತ್ತೆರಡನೆಯ ವಯಸ್ಸಿನವರೆಗೆ ಗೌಂಡಿಯಾಗಿದ್ದ. ಕಲ್ಲು, ಮಣ್ಣು, ಸುಣ್ಣ ಬಿಟ್ಟರೆ ಬೇರೆ ಕಸಬು ಅವನಿಗೆ ಗೊತ್ತಿರಲಿಲ್ಲ. ೧೯೩೧ರ ಬೇಸಿಗೆಯಲ್ಲಿ ಒಂದು ಅಟ್ಟದ ಮನೆಯ ಗೋಡೆ ಏರಿಸುವಾಗ ಕಾಲ ಕೆಳಗಿನ ಬಿದಿರು ಮುರಿದು ಅಂಗಳಕ್ಕೆ ಬಿದ್ದ. ಎಡಗಾಲಿನ ಎಲುಬು ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಮತ್ತೆ ಮೇಲೆ ಹತ್ತುವುದು ಆಗದೆಂದು ಅವನಿಗೂ ತಿಳಿಯಿತು, ಅವನ ಹೆಂಡತಿ ಚೌಡವ್ವನಿಗೂ ತಿಳಿಯಿತು.

ಆದರೆ ಕೈ ಮತ್ತು ಕಿವಿ ಉಳಿದಿದ್ದವು. ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದರೆ ಒಳಗೆ ಹುಳ ತಿಂದಿದೆಯೋ, ನೀರು ಇಳಿದಿದೆಯೋ ಹೇಳುತ್ತಿದ್ದ. ಮನೆ ಕೊಳ್ಳುವವರು ಅವನನ್ನು ಕರೆದೊಯ್ದು ತೋರಿಸತೊಡಗಿದರು. ಹಾಗೆ ಊರೂರು ತಿರುಗುತ್ತ ಯಾರ ಮನೆ ಮಾರಾಟಕ್ಕಿದೆ, ಯಾರಿಗೆ ಮನೆ ಬೇಕಾಗಿದೆ ಎಂಬುದು ಅವನ ಬಾಯಲ್ಲೇ ಇರುವಂತಾಯಿತು. ಎರಡು ವರ್ಷದಲ್ಲಿ ಜನ ಅವನನ್ನು ಗೌಂಡಿ ಉಡಚಪ್ಪ ಎನ್ನುವುದು ಬಿಟ್ಟು ದಲಾಲ ಉಡಚಪ್ಪ ಎನ್ನತೊಡಗಿದರು. ಶಿಗ್ಗಾವಿ, ಸವಣೂರು, ಹಾನಗಲ್ಲು, ಒಮ್ಮೊಮ್ಮೆ ಹಿರೇಕೆರೂರಿನವರೆಗೂ ಅವನ ಕುಂಟು ಹೆಜ್ಜೆ ಹೋಗುತ್ತಿತ್ತು. ಮಾರುವವರಿಂದಲೂ ಕೊಳ್ಳುವವರಿಂದಲೂ ದಲಾಲಿ ತೆಗೆದುಕೊಳ್ಳುವುದು ಆ ಕಾಲದ ರೂಢಿ. ಅವನೂ ತೆಗೆದುಕೊಳ್ಳುತ್ತಿದ್ದ. ಅದರಲ್ಲಿ ತಪ್ಪಿದೆಯೆಂದು ಯಾರೂ ಹೇಳಿರಲಿಲ್ಲ, ಅವನಿಗೂ ಅನಿಸಿರಲಿಲ್ಲ.

೧೯೩೫ರಲ್ಲಿ ಅವನ ಓಣಿಯ ಮಂಜವ್ವ ತನ್ನ ಮನೆ ಮಾರಲು ಹೇಳಿದಳು. ಗಂಡ ತೀರಿಕೊಂಡ ಮೇಲೆ ಹಂಸಭಾವಿಯಲ್ಲಿದ್ದ ಅಕ್ಕನ ಜೊತೆ ಸೇರಿ ಖಾನಾವಳಿ ಇಡುವ ವಿಚಾರ ಅವಳದು. ಊರ ಹೊರಗಿನ ರಸ್ತೆಗೆ ಹತ್ತಿದ ಮನೆ. ಮುಂದೆ ಎರಡು ಖೋಲಿ, ಹಿಂದೆ ಎತ್ತು ಕಟ್ಟುವ ದೊಡ್ಡ ಬಯಲು. ಮಂಜವ್ವ ತನ್ನ ರೇಟು ಹೇಳಿದಳು. ಒಬ್ಬ ಹತ್ತಿ ವ್ಯಾಪಾರಿ ಒಂದು ಮಾತೂ ಚೌಕಾಶಿ ಮಾಡದೆ ಒಪ್ಪಿಕೊಂಡ. ಮುಂಗಡವಾಗಿ ಸಂಚಕಾರ ಕೊಟ್ಟ ದಿನ ಆ ವ್ಯಾಪಾರಿ ಚಹಾದ ಅಂಗಡಿಯಲ್ಲಿ ಉಡಚಪ್ಪನ ಕಿವಿಯಲ್ಲಿ, ಆ ಬಯಲಿನ ಪಕ್ಕಕ್ಕೇ ಹತ್ತಿಯ ಗಿರಣಿ ಬರುವುದಿದೆ, ಬಾಯಿ ಬಿಡಬೇಡ ಎಂದ. ಉಡಚಪ್ಪ ಬಿಡಲಿಲ್ಲ. ಖರೇದಿ ಪತ್ರಕ್ಕೆ ಇನ್ನೂ ಎಂಟು ದಿನವಿತ್ತು.

ಪತ್ರವಾಯಿತು. ಕೇಳಿದಷ್ಟು ಬಂತೆಂದು ಮಂಜವ್ವ ಹಿಗ್ಗಿದಳು. ಊರು ಬಿಡುವ ಮುನ್ನ ಚೌಡವ್ವನಿಗೆ ಒಂದು ಇಳಕಲ್ಲ ಸೀರೆ ಉಡಿಸಿ ಹೋದಳು.

ಮುಂದಿನ ವರ್ಷ ಗಿರಣಿಯ ಗೋಡೆ ಎದ್ದಿತು. ಗಾಡಿ ನಿಲ್ಲಲು ಜಾಗ ಬೇಕೆಂದು ಗಿರಣಿಯವರು ಮಂಜವ್ವನ ಬಯಲನ್ನು ವ್ಯಾಪಾರಿಯಿಂದ ನಾಲ್ಕು ಪಟ್ಟು ಬೆಲೆ ಕೊಟ್ಟು ಕೊಂಡರು. ಸುದ್ದಿ ಹಂಸಭಾವಿಗೆ ತಲುಪಲು ತಡವಾಗಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಮಂಜವ್ವ ಬಂದು ಉಡಚಪ್ಪನ ಕಟ್ಟೆಯ ಮೇಲೆ ಕೂತಳು.

“ಅಣ್ಣಾ, ಒಂದು ಮಾತು ಕೇಳಾಕ ಬಂದೇನಿ. ಗಿರಣಿ ಬರ್ತೈತಿ ಅನ್ನೂದು ನಿನಗ ಮೊದಲ ಗೊತ್ತಿತ್ತೇನು?”

ಉಡಚಪ್ಪ ಇಲ್ಲ ಎನ್ನಬಹುದಿತ್ತು. ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ.

“ಗೊತ್ತಿತ್ತು, ತಂಗಿ. ಸಂಚಕಾರ ಕೊಟ್ಟ ದಿನಾನ ಗೊತ್ತಾತು. ಕೊಂಡಾಂವ ಹೇಳಬ್ಯಾಡ ಅಂದಿದ್ದ.”

ಮಂಜವ್ವ ದನಿ ಏರಿಸಲಿಲ್ಲ.

“ನಾ ಕೇಳಿದ ರೇಟು ಕೊಡಿಸಿದಿ. ಅದರಾಗ ಏನೂ ಕಡಿಮಿ ಮಾಡಿಲ್ಲ. ಆದ್ರ ನೀ ನನ್ನ ಕಡೆಯಾಂವ ಅಂತ ನಾ ತಿಳಕೊಂಡಿದ್ದೆ.”

ವ್ಯಾಪಾರಿಯಿಂದ ಬಂದ ದಲಾಲಿಯನ್ನಾದರೂ ಅವಳಿಗೆ ಕೊಡಬೇಕೆಂದು ಉಡಚಪ್ಪ ಒಳಗೆ ಹೋಗಲು ಎದ್ದ. ಮಂಜವ್ವ ಕೈ ಅಡ್ಡ ಮಾಡಿದಳು. “ಅದು ನಿಂದು. ನನಗ ಬ್ಯಾಡ” ಎಂದಳು. ಚೌಡವ್ವ ತಂದ ಮಜ್ಜಿಗೆ ಕುಡಿದು, ತಂಬಿಗೆ ಕೆಳಗಿಟ್ಟು ಎದ್ದು ಹೋದಳು.

ಅಂದು ಸಂಜೆ ರೊಟ್ಟಿ ಬಡಿಯುತ್ತ ಚೌಡವ್ವ ಹೇಳಿದಳು: “ಆಕಿ ಬೈದು ಹೋಗಿದ್ರ ಚಲೋ ಇತ್ರಿ. ನೀವೂ ತಿರುಗಿ ಬೈತಿದ್ರಿ, ಅಲ್ಲಿಗೆ ಮುಗೀತಿತ್ತು.”

ಆ ವರ್ಷವೆಲ್ಲ ಉಡಚಪ್ಪ ಅದನ್ನೇ ತಿರುವಿ ತಿರುವಿ ನೋಡಿದ. ತಾನು ಸುಳ್ಳು ಹೇಳಿರಲಿಲ್ಲ. ಮೋಸದ ಪತ್ರ ಬರೆಸಿರಲಿಲ್ಲ. ಹಾಗಿದ್ದರೂ ಗೋಡೆಯ ಒಳಗೆ ನೀರು ಇಳಿದಂತೆ ಏನೋ ಇಳಿದಿತ್ತು. ಮನೆ ಮಾರುವವರಿಗೆ ಜೀವಮಾನದಲ್ಲಿ ಒಂದು ಸಲ ಬರುವ ಕೆಲಸ ಅದು, ದಲಾಲನಿಗೆ ದಿನನಿತ್ಯದ್ದು. ಅವರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿರುತ್ತದೆಂದೇ ಅವರು ಕರೆಯುವುದು. ಗೊತ್ತಿದ್ದುದನ್ನೇ ಹೇಳದಿದ್ದರೆ ಅವನನ್ನು ಕರೆಸಿ ಉಪಯೋಗವೇನು?

ಮುಂದೆ ಅವನು ಮಾರುವವರ ಪರವಾಗಿ ಹೋದಾಗ ಕೊಳ್ಳುವವರಿಂದ ಒಂದು ಎಲೆ ಅಡಿಕೆಯನ್ನೂ ಮುಟ್ಟಲಿಲ್ಲ. ಹುಲಗೂರಿನ ಶೇಖಸಾಬನೂ ಅವನಂತೆಯೇ ದಲಾಲ, ಹಳೆಯ ಗೆಳೆಯ. ಸವಣೂರಿನ ಸಂತೆಯಲ್ಲಿ ಸಿಕ್ಕಾಗ ನಕ್ಕ. “ಉಡಚಪ್ಪಾ, ನೀ ಹಿಂಗ ಮಾಡಿದ್ರ ನಾವು ನಾಲ್ಕ ಮಂದಿ ಉಪವಾಸ ಬೀಳ್ತೇವಲ್ಲೋ!”

ಬದಲಾದ ಮಾತ್ರಕ್ಕೆ ಅವನಿಗೆ ಎಲ್ಲವೂ ತಿಳಿಯುವಂತಾಯಿತು ಎಂದಲ್ಲ. ಹುಲಗೂರಿನ ರೈತ ಫಕ್ಕೀರಪ್ಪ ತನ್ನ ಹಳೆಯ ಮನೆಗೆ ದೊಡ್ಡ ಬೆಲೆ ಹೇಳಿದಾಗ, ಉಡಚಪ್ಪ ಗೋಡೆ ಬಡಿದು, ತೊಲೆ ನೋಡಿ, “ಇಷ್ಟು ಬರೂದಿಲ್ರಿ. ಬರ್ತೈತಿ ಅಂತ ಹೇಳಿ ನಿಮ್ಮನ್ನ ವರ್ಷಗಟ್ಲೆ ಕೂಡಿಸೂದು ನನಗ ಆಗೂದಿಲ್ಲ” ಎಂದ. ಫಕ್ಕೀರಪ್ಪ ಶೇಖಸಾಬನ ಬಳಿ ಹೋದ. ಶೇಖಸಾಬ ಆ ಓಣಿಯ ದರ್ಗಾದ ಹತ್ತಿರವೇ ಮನೆ ಬೇಕೆಂದು ಹಂಬಲಿಸುತ್ತಿದ್ದ ಒಬ್ಬನನ್ನು ಹುಡುಕಿ ಅಷ್ಟೇ ಬೆಲೆ ಕೊಡಿಸಿದ. ಉಡಚಪ್ಪ ಹುಲಗೂರಿಗೆ ತಾನಾಗಿ ಹೋಗಿ ಫಕ್ಕೀರಪ್ಪನ ಎದುರು ನಿಂತ. “ನಾ ಹೇಳಿದ್ದು ತಪ್ಪಾತ್ರಿ. ಮನಿ ನೋಡಿದೆ, ಮನಿ ಎಲ್ಲೈತಿ ಅನ್ನೂದು ನೋಡಲಿಲ್ಲ” ಎಂದು ಹೇಳಿ ಬಂದ. ಹಾಗೆ ಹೇಳಲು ಅವನಿಗೆ ನಾಚಿಕೆಯೇ ಆಯಿತು.

೧೯೪೩ರ ಮಾಘದಲ್ಲಿ ಹಾನಗಲ್ಲಿನಿಂದ ಕರೆ ಬಂತು. ವಾದಿರಾಜರಾಯರು ಅಲ್ಲಿನ ಶಾಲೆಯ ಮಾಸ್ತರರು, ಧಾರವಾಡಕ್ಕೆ ವರ್ಗವಾಗಿತ್ತು. ಉಡಚಪ್ಪ, ಪೆಟ್ರೋಲಿಲ್ಲದ ಆ ಯುದ್ಧಕಾಲದಲ್ಲಿ ಇದ್ದಲಿ ಗ್ಯಾಸಿನಿಂದ ಓಡುತ್ತಿದ್ದ ಮೋಟಾರು ಬಸ್ಸಿನಲ್ಲಿ ಕೆಮ್ಮುತ್ತ ಹೋಗಿ ಇಳಿದ. ರಾಯರು ಪಡಸಾಲೆಯಲ್ಲಿ ಕೂತಿದ್ದರು. ಅವರ ಹೆಂಡತಿ ಕೃಷ್ಣಾಬಾಯಿ ಒಳಬಾಗಿಲ ಹಿಂದೆ ನಿಂತಿದ್ದಳು.

“ಗಿರಾಕಿ ಸಿದ್ಧ ಇದ್ದಾರ. ಅರಿವೆ ಅಂಗಡಿಯವರು, ನನ್ನ ಗೆಳ್ಯಾರು. ಕಾಗದಪತ್ರ ಮಾಡಿಸಿ ಕೊಟ್ರ ಸಾಕು” ಎಂದರು ರಾಯರು.

ಉಡಚಪ್ಪ ಹಳೆಯ ಕಾಗದ ಕೇಳಿದ. ಓದಲು ಬರುತ್ತಿರಲಿಲ್ಲವಾದ್ದರಿಂದ ರಾಯರೇ ಓದಿ ಹೇಳಿದರು. ಮನೆ ಕೃಷ್ಣಾಬಾಯಿಗೆ ಅವಳ ತಂದೆ ದಾನಪತ್ರ ಮಾಡಿಕೊಟ್ಟದ್ದು. ಉಡಚಪ್ಪ ತಲೆಯ ರುಮಾಲು ಸರಿಮಾಡಿಕೊಂಡ.

“ರಾಯರ, ತಪ್ಪು ತಿಳೀಬ್ಯಾಡ್ರಿ. ಮನಿ ಬಾಯಾರ ಹೆಸರಿನ್ಯಾಗ ಐತಿ. ಮಾರವರು ಅವರು. ಅವರ ಮಾತು ನಾ ಕೇಳಬೇಕಾಗ್ತೈತ್ರಿ.”

“ಆಕೀದೂ ನಂದೂ ಬ್ಯಾರೆ ಮಾತದ ಏನು?”

“ಇರಲಿಕ್ಕಿಲ್ರಿ. ಆದ್ರೂ ಕೇಳ್ತೇನಿ.”

ಬಾಗಿಲ ಹಿಂದಿನಿಂದ ಕೃಷ್ಣಾಬಾಯಿ ಮೆಲ್ಲಗೆ ಹೇಳಿದಳು: “ಮಾರೋದು ನನಗೂ ಒಪ್ಪಿಗಿ ಅದ. ಆದರ ಹಿತ್ತಲ ಬಾವಿದೊಂದು ಮಾತದ. ಬಾಜೂಮನಿ ಗೋಪಿಕಾಬಾಯಿ ಗೋಡಿ ಕಿಂಡಿಯಿಂದ ನೀರು ಸೇದ್ತಾರ. ಅಪ್ಪ ಇದ್ದಾಗಿಂದ ನಡದು ಬಂದದ್ದು. ಕೊಳ್ಳವರು ಕಿಂಡಿ ಮುಚ್ಚಿದ್ರ ಆ ಮುದುಕಿ ಕೆರಿತನಕ ಹೋಗಬೇಕು.”

“ಅದನ್ನ ಬಾಯಿಮಾತಿನ್ಯಾಗ ಬಿಟ್ರ ಉಳಿಯೂದಿಲ್ರಿ ಬಾಯಾರ. ಪತ್ರದಾಗ ಬರಸಬೇಕು. ಬರಸಿದ್ರ ಬೆಲಿ ಒಂದೀಟು ಇಳೀತೈತಿ. ಅದನ್ನೂ ಈಗ ಹೇಳ್ತೇನಿ.”

“ಇಳೀಲಿ” ಎಂದಳು ಕೃಷ್ಣಾಬಾಯಿ. ರಾಯರು ಹೆಂಡತಿಯ ಕಡೆ ತಿರುಗಿ ನೋಡಿದರು. ಬಾವಿಯ ಬಗ್ಗೆ ಅವಳಿಗೆ ಇಂಥ ಚಿಂತೆಯಿದೆ ಎಂಬುದು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

ಉಡಚಪ್ಪ ಮನೆಯೆಲ್ಲ ತಿರುಗಿ ಗೋಡೆ ಬಡಿದ. ಬಚ್ಚಲಿಗೆ ಹತ್ತಿದ ಅಡಿಗೆಮನೆಯ ಗೋಡೆ ಒಳಗೆ ನೆಂದಿತ್ತು. ದುರಸ್ತಿ ಮಾಡಿಸಿ ತೋರಿಸಿದರೆ ಒಳ್ಳೆಯದು, ಮಾಡಿಸದಿದ್ದರೂ ಕೊಳ್ಳುವವರಿಗೆ ತಾನು ಹೇಳುವುದು ಖಂಡಿತ ಎಂದ.

“ನೀ ಯಾರ ಕಡೆಯಾಂವೋ?” ಎಂದು ರಾಯರು ಸಿಡುಕಿದರು.

“ನಿಮ್ಮ ಕಡೆಯಾಂವ್ರಿ. ಆದ್ರ ನಿಮ್ಮ ಸಲುವಾಗಿ ಸುಳ್ಳು ಹೇಳೂದಿಲ್ಲ. ಮಳಿಗಾಲದಾಗ ಗೋಡಿ ಜರಿದ್ರ ಅವರು ಕೋರ್ಟಿಗೆ ಹೋಗ್ತಾರ. ಆವಾಗ ಧಾರವಾಡದಿಂದ ನೀವ ಅಡ್ಡಾಡಬೇಕು.”

ಮರುದಿನ ಅರಿವೆ ಅಂಗಡಿಯ ಬಟ್ಟೆ ವ್ಯಾಪಾರಿ ಉಡಚಪ್ಪನನ್ನು ಅಂಗಡಿಗೆ ಕರೆಸಿಕೊಂಡ. ಬೆಲೆ ಇಳಿಸಿಕೊಟ್ಟರೆ ತನ್ನ ಕಡೆಯಿಂದಲೂ ದಲಾಲಿ ಕೊಡುವೆನೆಂದ. ಕಿಂಡಿಯ ಮಾತನ್ನು ಪತ್ರದಲ್ಲಿ ತರಬೇಡ ಎಂದೂ ಸೇರಿಸಿದ. ಉಡಚಪ್ಪ ಅಲ್ಲಿಂದ ಎದ್ದು ನೇರವಾಗಿ ರಾಯರ ಮನೆಗೆ ಬಂದ. ದಾರಿಯಲ್ಲಿ ಅವನಿಗೆ ಹೆದರಿಕೆಯಾಯಿತು. ಗೆಳೆಯನ ಮೇಲೆ ಚಾಡಿ ಹೇಳಿದನೆಂದು ಕೆಲಸವೇ ತಪ್ಪಬಹುದು. ಆದರೂ ಇಬ್ಬರ ಎದುರಿಗೆ ಕೇಳಿದ್ದನ್ನು ಕೇಳಿದಂತೆ ಹೇಳಿದ.

ರಾಯರ ಮುಖ ಕೆಂಪಾಯಿತು. “ನೀ ಹೇಳಿದ್ದನ್ನ ನಾ ನಂಬಬೇಕೇನು? ಹತ್ತು ವರ್ಷದ ಗೆಳೆತನ ನಂದು.”

“ನಂಬಬ್ಯಾಡ್ರಿ. ಅವರನ್ನ ಕೇಳ್ರಿ.”

ಆಗ ಕೃಷ್ಣಾಬಾಯಿ ಬಾಗಿಲು ದಾಟಿ ಪಡಸಾಲೆಗೆ ಬಂದಳು. “ಕೇಳೋದು ಬ್ಯಾಡ. ಇಬ್ಬರ ನಡುವ ಮಾತು ಕೆಡೋದು ಯಾಕ? ಕಿಂಡಿ ಬರಸ್ತೇವಿ ಅಂತಷ್ಟ ಹೇಳಿ ಕಳಿಸೋಣ. ಬೇಕಾದ್ರ ತಗೊಳ್ಳಲಿ” ಎಂದಳು. ರಾಯರು ಹಾಗೇ ಹೇಳಿ ಕಳಿಸಿದರು. ವ್ಯಾಪಾರಿ ಆಮೇಲೆ ಆ ಮನೆಯ ಕಡೆ ಬರಲಿಲ್ಲ.

ಮೂರು ವಾರ ಗಿರಾಕಿಯಿಲ್ಲದೆ ಹೋಯಿತು. ವರ್ಗದ ದಿನ ಹತ್ತಿರ ಬಂದಂತೆ ರಾಯರು ಉಡಚಪ್ಪನೊಡನೆ ಮಾತಾಡುವುದನ್ನೇ ಬಿಟ್ಟರು. ಅವನು ಮಾತ್ರ ವಾರಕ್ಕೆರಡು ಸಲ ಬಂದು ಯಾರನ್ನು ಕೇಳಿದೆ, ಯಾರು ಏಕೆ ಬೇಡವೆಂದರು ಎಂಬುದರ ವರದಿ ಒಪ್ಪಿಸಿ ಹೋಗುತ್ತಿದ್ದ. ಹೇಳಲು ಏನೂ ಇಲ್ಲದ ದಿನವೂ ಬಂದು, “ಇವತ್ತು ಏನೂ ಇಲ್ರಿ” ಎಂದು ಹೇಳುತ್ತಿದ್ದ.

ಕೊನೆಗೆ ಹಿರೇಕೆರೂರಿನಿಂದ ಮಧ್ವೇಶಾಚಾರ್ಯರೆಂಬ ನಿವೃತ್ತ ಪೋಸ್ಟ್ ಮಾಸ್ತರರನ್ನು ಕರೆತಂದ. ಅವರು ನೆಂದ ಗೋಡೆ ನೋಡಿದರು, ಕಿಂಡಿಯನ್ನೂ ನೋಡಿದರು. ಕಿಂಡಿಯ ಆಚೆ ಗೋಪಿಕಾಬಾಯಿ ಕೊಡಪಾನ ಹಿಡಿದು ನಿಂತಿದ್ದಳು. “ನೀರು ಎಷ್ಟು ಮಂದಿಗೆ ಸಾಲ್ತದ?” ಎಂದಷ್ಟೇ ಆಚಾರ್ಯರು ಕೇಳಿದರು. ಬೇಸಿಗೆಯಲ್ಲೂ ಬತ್ತುವುದಿಲ್ಲವೆಂದು ಕೃಷ್ಣಾಬಾಯಿ ಹೇಳಿದಳು. ಬೆಲೆ ವ್ಯಾಪಾರಿ ಹೇಳಿದ್ದಕ್ಕಿಂತ ತುಸು ಹೆಚ್ಚೇ ಬಂತು, ರಾಯರು ಮನಸ್ಸಿನಲ್ಲಿಟ್ಟುಕೊಂಡದ್ದಕ್ಕಿಂತ ಕಡಿಮೆ.

ಸಬ್‌ರಜಿಸ್ಟ್ರಾರ ಕಚೇರಿಯಲ್ಲಿ ಗುಮಾಸ್ತ ಪತ್ರ ಓದಿದ. ನೀರಿನ ಸಾಲು ಬಂದಾಗ ಉಡಚಪ್ಪ ಅದನ್ನು ಇನ್ನೊಮ್ಮೆ ಓದಿಸಿದ. ಸಹಿ ಮಾಡುವ ಮುನ್ನ ಕೃಷ್ಣಾಬಾಯಿ ಅವನನ್ನು ಕೇಳಿದಳು: “ಉಡಚಪ್ಪ, ನನಗ ಹೇಳದ್ದು ಇನ್ನೇನರ ಉಳದದ ಏನು?”

ಅವನು ಯೋಚಿಸಿದ. “ಯುದ್ಧ ನಡದೈತ್ರಿ, ಎಲ್ಲಾದರ ಬೆಲಿ ಏರಾಕತ್ತೈತಿ. ಒಂದು ವರ್ಷ ತಡದ್ರ ಹೆಚ್ಚು ಬರಬಹುದು, ಬರದನೂ ಇರಬಹುದು. ಅದು ನನಗ ಗೊತ್ತಿಲ್ರಿ.”

“ತಡೀಲಿಕ್ಕೆ ನಮಗ ಆಗೋದಿಲ್ಲ” ಎಂದು ಕೃಷ್ಣಾಬಾಯಿ ಲೇಖನಿ ತೆಗೆದುಕೊಂಡು ನಿಧಾನವಾಗಿ ತನ್ನ ಹೆಸರು ಬರೆದಳು. ರಾಯರು ಉಡಚಪ್ಪನ ದಲಾಲಿಯನ್ನು ಕೈಗೆ ಕೊಡದೆ ಬೆಂಚಿನ ಮೇಲಿಟ್ಟು ಹೊರಗೆ ನಡೆದರು.

ಅದಾದ ಮೇಲೂ ಉಡಚಪ್ಪ ಏಳೆಂಟು ವರ್ಷ ತಿರುಗಿದ. ದೊಡ್ಡ ದಲಾಲನೇನೂ ಆಗಲಿಲ್ಲ. ವರ್ಷಕ್ಕೆ ನಾಲ್ಕೈದು ಮನೆ, ಅಷ್ಟೇ. ನಡುನಡುವೆ ಗೌಂಡಿಗಳಿಗೆ ಸುಣ್ಣ ಅರೆದುಕೊಟ್ಟು ಸಂಸಾರ ತೂಗಿಸಿದ. ೧೯೪೬ರಲ್ಲಿ ಧಾರವಾಡದಿಂದ ಅವನ ಹೆಸರಿಗೆ ಒಂದು ಕಾರ್ಡು ಬಂತು. ಟಪಾಲಿನವನೇ ಓದಿ ಹೇಳಿದ. ವಾದಿರಾಜರಾಯರು ಬರೆದಿದ್ದರು. ತಮ್ಮ ಶಾಲೆಯ ಶ್ರೀನಿವಾಸಾಚಾರ್ಯರ ಮನೆ ಸವಣೂರಿನಲ್ಲಿದೆ, ಮಾರಬೇಕಾಗಿದೆ, ನೀನೇ ಹೋಗಿ ನೋಡಬೇಕು ಎಂದಿತ್ತು. ಕೆಳಗೆ ಇನ್ನೊಂದು ಸಾಲು: ಮನೆ ಅವರ ತಾಯಿಯ ಹೆಸರಿನಲ್ಲಿದೆ, ಮೊದಲು ಅವರನ್ನು ಕಂಡು ಮಾತಾಡು.

ಉಡಚಪ್ಪ ಆ ಸಾಲನ್ನು ಎರಡು ಸಲ ಓದಿಸಿದ. ಆಮೇಲೆ ಚೌಡವ್ವನಿಗೆ ಬುತ್ತಿ ಕಟ್ಟಲು ಹೇಳಿ, ಮುಂಜಾನೆಯ ಮೋಟಾರಿಗೆ ಸವಣೂರಿಗೆ ಹೊರಟ.